ಹಳೆಯ ಟ್ಯಾಂಕುಗಳನ್ನೆಲ್ಲ ಮತ್ತೆ ಓಡಿಸುವುದಿಲ್ಲವೇಕೆ?

ಪ್ರಶ್ನೆ: ವಸ್ತುಸಂಗ್ರಹಾಲಯಗಳಲ್ಲಿ ಐತಿಹಾಸಿಕ ಯುದ್ಧಟ್ಯಾಂಕುಗಳು ನಿಂತಲ್ಲೇ ನಿಂತಿರುತ್ತವೆ. ದುರಸ್ತಿ ಮಾಡಿ ಅವನ್ನೆಲ್ಲ ಓಡುವ ಸ್ಥಿತಿಗೆ ತರಬಹುದಲ್ಲವೆ?

ಉತ್ತರ: ಹಣವೂ ಸಾಲದು, ಕೆಲಸ ಬಲ್ಲವರೂ ಸಾಲರು ಎಂಬುದು ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ಅದು ಸುಳ್ಳೇನಲ್ಲ. ಆದರೆ ಎರಡೂ ಬೇಕಾದಷ್ಟಿದ್ದರೂ ಹೊಣೆಯರಿತ ಸಂಗ್ರಹಾಲಯ ತನ್ನ ಬಹುಪಾಲು ಟ್ಯಾಂಕುಗಳನ್ನು ಓಡಿಸಲು ಒಪ್ಪುವುದಿಲ್ಲ. ಓಡುವ ಯಂತ್ರ ಸವೆಯುತ್ತದೆ, ಸವೆದ ಭಾಗವನ್ನು ಬದಲಿಸಬೇಕಾಗುತ್ತದೆ. ಹೀಗೆ ಬದಲಿಸುತ್ತ ಹೋದಂತೆ, ಯಾವುದನ್ನು ಕಾಪಾಡಬೇಕೆಂದು ತಂದಿಟ್ಟುಕೊಂಡರೋ ಆ ಮೂಲವಸ್ತುವೇ ಬಿಡಿಬಿಡಿಯಾಗಿ ಕೈತಪ್ಪಿ ಹೋಗುತ್ತದೆ.

ಓಡುವ ಟ್ಯಾಂಕು ಎಂದೊಡನೆ ಹೆಚ್ಚಿನವರು ಹೆಸರಿಸುವುದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಬೋವಿಂಗ್ಟನ್‌ನ ಟ್ಯಾಂಕ್ ಮ್ಯೂಸಿಯಂ ಕಾಪಾಡಿಕೊಂಡಿರುವ ಟೈಗರ್ 131 ಅನ್ನು. ಸುಮಾರು 57 ಟನ್ ತೂಕದ ಈ ಜರ್ಮನ್ ಟ್ಯಾಂಕು 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಸೇರಿತು. ಬ್ರಿಟಿಷರ ಚರ್ಚಿಲ್ ಮಾದರಿಯ ಟ್ಯಾಂಕೊಂದು ಹಾರಿಸಿದ ಗುಂಡು ಅದರ ಫಿರಂಗಿ ನಳಿಗೆಯ ತಳಭಾಗಕ್ಕೆ ಬಡಿದು, ಅಲ್ಲಿಂದ ಜಾರಿ ಟರೆಟ್ (ಫಿರಂಗಿಯನ್ನು ಹೊತ್ತ ಮೇಲಿನ ಗೋಪುರ) ತಿರುಗುವ ಉಂಗುರಕ್ಕೆ ತಗಲಿದ್ದರಿಂದ ಟರೆಟ್ ಅಲುಗಾಡದಂತೆ ಬಿಗಿದುಕೊಂಡಿತು. ಒಳಗಿದ್ದವರು ಟ್ಯಾಂಕನ್ನು ಬಿಟ್ಟುಹೋದರು. 1990ರಲ್ಲಿ ಆರಂಭವಾದ ದುರಸ್ತಿಯ ಫಲವಾಗಿ ಅದು 2003ರಲ್ಲಿ ತನ್ನ ಬಲದಿಂದ ಚಲಿಸಿತು. ಮುಂದುವರಿದ ಕೆಲಸ 2012ರವರೆಗೆ ನಡೆಯಿತು. ಟೈಗರ್ 1 ಮಾದರಿಯ ಟ್ಯಾಂಕುಗಳಲ್ಲಿ ಜಗತ್ತಿನಲ್ಲಿ ಓಡುವುದು ಇದೊಂದೇ. ಇಷ್ಟೆಲ್ಲ ಕೆಲಸ ನಡೆದರೂ ಆ ಗುಂಡೇಟಿನ ಗುರುತುಗಳನ್ನು ಮಾತ್ರ ಅಳಿಸದೆ ಉಳಿಸಿಕೊಂಡಿದ್ದಾರೆ.

ಈ ಯಶಸ್ಸಿನ ಬೆನ್ನಿಗಿರುವ ಒಂದು ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬರುವುದಿಲ್ಲ. ಯುದ್ಧಕಾಲದಲ್ಲಿ ಬ್ರಿಟಿಷ್ ತಜ್ಞರು ಈ ಟ್ಯಾಂಕನ್ನು ಬಿಚ್ಚಿ ಅಧ್ಯಯನ ಮಾಡಿದ್ದರು. ಅದರ ಮೂಲ ಮೇಬ್ಯಾಕ್ ಎಚ್‌ಎಲ್ 210 ಎಂಜಿನ್ ಅನ್ನು ಒಳರಚನೆ ಕಾಣುವಂತೆ ಸೀಳಲಾಗಿತ್ತು. ಹೀಗಾಗಿ ಓಡಿಸುವಾಗ ಅದಕ್ಕೆ ಎಚ್‌ಎಲ್ 230 ಎಂಬ ತುಸು ದೊಡ್ಡ ಎಂಜಿನ್ ಕೂರಿಸಬೇಕಾಯಿತು, ಆ ಎಂಜಿನ್ ಬಂದದ್ದು ಅದೇ ಮ್ಯೂಸಿಯಂನ ಟೈಗರ್ 2 ಟ್ಯಾಂಕಿನಿಂದ. ಒಂದು ಟ್ಯಾಂಕು ಓಡಬೇಕಾದರೆ ಇನ್ನೊಂದು ತನ್ನ ಎಂಜಿನ್ ಕಳೆದುಕೊಳ್ಳಬೇಕಾಯಿತು. ನನ್ನ ಮಟ್ಟಿಗೆ ಆ ನಿರ್ಧಾರ ಸರಿಯೇ, ಏಕೆಂದರೆ ಈ ಟೈಗರ್‌ನ ಒಳಾಂಗಗಳು ಯುದ್ಧಕಾಲದಲ್ಲೇ ಕದಡಿಹೋಗಿದ್ದವು; ಯಾರೂ ಕೈಹಾಕದೆ ಉಳಿದ ಟ್ಯಾಂಕಾಗಿದ್ದರೆ ಇದೇ ಮಾತನ್ನು ಹೇಳಲಾಗುತ್ತಿರಲಿಲ್ಲ.

ಓಡುವ ಸ್ಥಿತಿಗೆ ತಂದ ಮೇಲೂ ಖರ್ಚು ಮುಗಿಯುವುದಿಲ್ಲ. ಭಾರಿ ಟ್ಯಾಂಕು ನೇರವಾಗಿ ಹೋಗುವಾಗ ಪಡುವ ಶ್ರಮಕ್ಕಿಂತ ತಿರುಗುವಾಗ ಪಡುವ ಶ್ರಮ ಹೆಚ್ಚು. ಸ್ಟೀರಿಂಗ್ ಗೇರುಗಳು, ಟ್ರ್ಯಾಕಿನ ಪಿನ್ನುಗಳು, ಚಕ್ರಗಳ ರಬ್ಬರ್ ಎಲ್ಲವೂ ಆಗಲೇ ಹೆಚ್ಚು ಸವೆಯುತ್ತವೆ. ಟೈಗರ್‌ನ ಚಕ್ರಗಳು ಒಂದರ ಮೇಲೊಂದು ಹೆಣೆದುಕೊಂಡಂತೆ ಇರುವುದರಿಂದ, ಒಳಸಾಲಿನ ಒಂದು ಚಕ್ರವನ್ನು ಬದಲಿಸಲು ಹೊರಗಿನ ಹಲವು ಚಕ್ರಗಳನ್ನು ಕಳಚಬೇಕು. ಎಂಬತ್ತು ವರ್ಷ ಹಳೆಯ ಗೇರು ಮುರಿದರೆ ಅದಕ್ಕೆ ಅಂಗಡಿಯಲ್ಲಿ ಬದಲಿ ಸಿಗುವುದಿಲ್ಲ, ಹೊಸದಾಗಿ ಎರಕ ಹೊಯ್ದೋ ಕಡೆದೋ ಮಾಡಿಸಬೇಕು. ಆದ್ದರಿಂದಲೇ ಟೈಗರ್ 131 ಅನ್ನು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ, ಅದೂ ಜಾಗರೂಕತೆಯಿಂದ ಓಡಿಸುತ್ತಾರೆ.

ಸವೆತಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ದುರಸ್ತಿಯ ಹೆಸರಿನಲ್ಲಿ ಅಳಿಸಿಹೋಗುವ ಪುರಾವೆ. ಹಳೆಯ ಟ್ಯಾಂಕಿನ ಮೇಲಿನ ಬಣ್ಣವನ್ನೇ ನೋಡಿ. ಸಂರಕ್ಷಕರು ನಾಣ್ಯದಷ್ಟು ಜಾಗವನ್ನು ಆರಿಸಿಕೊಂಡು ನಯವಾದ ಉಜ್ಜುಕಾಗದದಿಂದ ಓರೆಯಾಗಿ ಉಜ್ಜುತ್ತ ಹೋದರೆ, ಮರದ ಕಾಂಡದಲ್ಲಿ ಕಾಣುವ ವರ್ಷದ ಬಳೆಗಳಂತೆ ಒಂದೊಂದು ಲೇಪವೂ ಒಂದೊಂದು ಉಂಗುರವಾಗಿ ತೆರೆದುಕೊಳ್ಳುತ್ತದೆ: ಎಲ್ಲಕ್ಕಿಂತ ಮೇಲೆ ಮ್ಯೂಸಿಯಂ ಬಳಿಸಿದ ಬಣ್ಣ, ಅದರಡಿ ಸೇನೆಯ ಬೇರೆ ಬೇರೆ ಕಾಲದ ಬಣ್ಣಗಳು, ತಳದಲ್ಲಿ ಕಾರ್ಖಾನೆಯ ಮೊದಲ ಲೇಪ. ತುಕ್ಕು ಬಿಡಿಸಲೆಂದು ಇಡೀ ಟ್ಯಾಂಕಿಗೆ ಮರಳು ಸಿಡಿಸಿದರೆ ಈ ದಾಖಲೆಯೆಲ್ಲ ಒಂದು ಮಧ್ಯಾಹ್ನದಲ್ಲಿ ನೆಲಕ್ಕುದುರುತ್ತದೆ. ಆಮೇಲೆ ಬಳಿದ ಹೊಸ ಬಣ್ಣ ಕಣ್ಣಿಗೆ ಎಷ್ಟೇ ಚೆಂದ ಕಂಡರೂ ಅದು ಊಹೆಯೇ.

ಕೆಲವು ಟ್ಯಾಂಕುಗಳಿಗಂತೂ ಹಾನಿಯೇ ಚರಿತ್ರೆ. ಫ್ರಾನ್ಸಿನ ಫ್ಲೆಸ್ಕಿಯೇರ್‌ನಲ್ಲಿ 1998ರಲ್ಲಿ ನೆಲದಡಿಯಿಂದ ಅಗೆದು ತೆಗೆದ ಡೆಬೊರಾ ಎಂಬ ಬ್ರಿಟಿಷ್ ಮಾರ್ಕ್ 4 ಟ್ಯಾಂಕು 1917ರ ನವೆಂಬರ್‌ನ ಕ್ಯಾಂಬ್ರೆ ಕದನದಲ್ಲಿ ಶೆಲ್ ದಾಳಿಗೆ ತುತ್ತಾದದ್ದು. ಅದರ ಸಿಬ್ಬಂದಿಯಲ್ಲಿ ಐವರು ಅಲ್ಲಿ ಸತ್ತರು. ಹರಿದ ಉಕ್ಕನ್ನು ಹಾಗೆಯೇ ಇರಿಸಿ, 2017ರಲ್ಲಿ ಅದಕ್ಕೆಂದೇ ಕಟ್ಟಿದ ಮ್ಯೂಸಿಯಂನಲ್ಲಿ ನಿಲ್ಲಿಸಿದ್ದಾರೆ. ಆ ಹರಕನ್ನು ಹೊಸ ತಗಡಿನಿಂದ ಮುಚ್ಚುವುದು ದುರಸ್ತಿಯಲ್ಲ, ಸಾಕ್ಷ್ಯನಾಶ. ಬ್ರಿಸ್ಬೇನ್‌ನ ಕ್ವೀನ್ಸ್‌ಲೆಂಡ್ ಮ್ಯೂಸಿಯಂನ ಮೆಫಿಸ್ಟೊ, ಮೊದಲ ಮಹಾಯುದ್ಧದ ಜರ್ಮನ್ ಎ7ವಿ ಟ್ಯಾಂಕುಗಳಲ್ಲಿ ಉಳಿದಿರುವ ಒಂದೇ ಒಂದು. ಇಂಥದ್ದರಲ್ಲಿ ಪ್ರಯೋಗಕ್ಕೆ ಅವಕಾಶವೇ ಇಲ್ಲ, ಕೆಟ್ಟರೆ ಹೋಲಿಸಿ ನೋಡಲು ಇನ್ನೊಂದಿಲ್ಲ.

ಹಾಗೆಂದು ನಿಲ್ಲಿಸಿಟ್ಟ ಟ್ಯಾಂಕು ತಾನಾಗಿ ಉಳಿಯುತ್ತದೆ ಎಂದುಕೊಳ್ಳಬಾರದು. ಬಯಲಲ್ಲಿ ನಿಂತ ಟ್ಯಾಂಕಿನ ಮುಚ್ಚಳಗಳ ಸಂದಿನಿಂದ ಇಳಿದ ಮಳೆನೀರು ಒಳನೆಲದ ಕೆಳಗೆ ಸೇರಿ, ಕೊಳೆತ ಎಲೆಯೂ ಹಳೆಯ ಎಣ್ಣೆಯೂ ಬೆರೆತ ಕೆಸರಾಗಿ, ಹೊರಗೆ ಏನೂ ಕಾಣದಂತೆ ತಳವನ್ನು ತಿನ್ನುತ್ತದೆ. ಮಕ್ಕಳು ಹತ್ತದಿರಲೆಂದು ಮುಚ್ಚಳಗಳನ್ನು ಬೆಸುಗೆ ಹಾಕಿ ಮುಚ್ಚುವುದುಂಟು, ಆಗ ತೇವ ಒಳಗೇ ಬಂದಿಯಾಗುತ್ತದೆ. ಅಲ್ಯುಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿದಲ್ಲಿ ತೇವ ಸೇರಿದರೆ ಅಲ್ಯುಮಿನಿಯಂ ಬೇಗ ಕರಗತೊಡಗುತ್ತದೆ. ಆದ್ದರಿಂದ ಒಣಗಾಳಿಯ ಕಟ್ಟಡವೇ ಮೊದಲ ಔಷಧ. ಬೋವಿಂಗ್ಟನ್ ತನ್ನ ಸುಮಾರು 300 ವಾಹನಗಳಲ್ಲಿ ಪ್ರದರ್ಶನಕ್ಕಿಡದವುಗಳಿಗಾಗಿ 2013ರಲ್ಲಿ ಪ್ರತ್ಯೇಕ ಸಂರಕ್ಷಣಾ ಕೇಂದ್ರವನ್ನೇ ತೆರೆಯಿತು. ಎಂಜಿನ್ ಇರುವ ವಾಹನಗಳಲ್ಲಿ ಅದನ್ನು ಆಗಾಗ ತಿರುಗಿಸಿ, ಬೇರಿಂಗುಗಳಿಂದ ಜಾರಿಹೋದ ಎಣ್ಣೆ ಮತ್ತೆ ಹರಡುವಂತೆ ನೋಡಿಕೊಳ್ಳುವುದು ಒಳ್ಳೆಯದು. ಅದಕ್ಕಾಗಿ ಟ್ಯಾಂಕನ್ನು ಮೈದಾನಕ್ಕೆ ಇಳಿಸಬೇಕಾಗಿಲ್ಲ.

ಇಷ್ಟಾದರೂ ಟ್ಯಾಂಕಿನ ಸದ್ದು, ಹೊಗೆ, ನೆಲದ ಅದುರುವಿಕೆಗಳನ್ನು ಗಾಜಿನಾಚೆ ನಿಂತು ಊಹಿಸಲಾಗದು ಎಂಬ ವಾದದಲ್ಲಿ ಹುರುಳಿದೆ. ಅದಕ್ಕೆ ಎರಡು ದಾರಿಗಳಿವೆ. ಸಾವಿರಾರು ಸಂಖ್ಯೆಯಲ್ಲಿ ತಯಾರಾಗಿ, ಬಿಡಿಭಾಗಗಳೂ ಹೇರಳವಾಗಿ ಉಳಿದಿರುವ ಶೆರ್ಮನ್‌ನಂಥ ಟ್ಯಾಂಕುಗಳನ್ನು ಓಡಿಸಬಹುದು. ಅಪರೂಪದವುಗಳಿಗೆ ಪ್ರತಿಕೃತಿ ಮಾಡಬಹುದು: ಬೋವಿಂಗ್ಟನ್‌ನ ಪ್ರದರ್ಶನಗಳಲ್ಲಿ ಓಡುವ ಮಾರ್ಕ್ 4, ಚಲನಚಿತ್ರವೊಂದಕ್ಕಾಗಿ ಈ ಶತಮಾನದಲ್ಲಿ ಕಟ್ಟಿದ ಪ್ರತಿಕೃತಿ. ಅದರ ಗೇರು ಮುರಿದರೆ ಹೊಸದು ಹಾಕಿದರಾಯಿತು.