ಪದ ಪರಿಚಯ: ಬೂಸ್ಟ್ ಲೀಕ್

"ಗಾಡಿ ಘಟ್ಟದಲ್ಲಿ ಎಳೀತಿಲ್ಲ" ಎಂದು ಶಿರಸಿಯ ಗ್ಯಾರೇಜಿನಲ್ಲಿ ಹೇಳಿ ನೋಡಿ. ಬಹಳ ಸಲ ಮೊದಲು ಬರುವ ಉತ್ತರ "ಟರ್ಬೊ ಹೋಗಿರ್ಬೇಕು ಮಾರಾಯ್ರೆ". ರಿಮ್ಯಾಪ್ (ಹೆಚ್ಚು ಎಳೆತಕ್ಕಾಗಿ ಇಂಜಿನ್ನಿನ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಮಾಡಿಸಿದ ಗಾಡಿ ಎಂದು ಗೊತ್ತಾದರಂತೂ ಅನುಮಾನವೇ ಇಲ್ಲ. ನನಗೂ ಹಾಗೇ ಹೇಳಿದರು. ಟರ್ಬೊಗೆ ಏನೂ ಆಗಿರಲಿಲ್ಲ, ಆಗಿದ್ದು ಬೂಸ್ಟ್ ಲೀಕ್. ಈ ಎರಡು ಶಬ್ದದ ಅರ್ಥ ಸರಿಯಾಗಿ ತಿಳಿದಿದ್ದರೆ ಸರಿ ಇರುವ ಟರ್ಬೊ ಬಿಚ್ಚಿಸುವ ಖರ್ಚು ಉಳಿಯುತ್ತದೆ.

ಮೊದಲು ಟರ್ಬೊ. ಲ್ಯಾಟಿನ್‌ನಲ್ಲಿ ಈ ಪದಕ್ಕೆ ಬುಗುರಿ ಎಂಬ ಅರ್ಥವೂ ಇದೆ, ಸುಂಟರಗಾಳಿ ಎಂಬ ಅರ್ಥವೂ ಇದೆ. ಎರಡೂ ಇಲ್ಲಿ ಒಪ್ಪುತ್ತವೆ. ಇಂಜಿನ್ನಿನ ಹೊಗೆ ಸೈಲೆನ್ಸರಿಗೆ ಹೋಗುವ ಮುಂಚೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಕಾರಿನ ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತು ದಾಟುವುದು ಮಾಮೂಲು. ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಕಮ್ಮಾರನ ತಿದಿಯ ಕೆಲಸವೇ ಇದು, ಆದರೆ ಒತ್ತುವ ಕೈ ಬೆಂಕಿಯದ್ದೇ.

ಹಾಗೆ ತುಂಬಿದ ಗಾಳಿಯ ಒತ್ತಡ ಸುತ್ತಲಿನ ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ಬೂಸ್ಟ್. ಈ 'ಹೆಚ್ಚು' ಎನ್ನುವುದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಗಾಡಿಯಲ್ಲಿರುವ ಮ್ಯಾಪ್ ಸೆನ್ಸರ್ (ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸಾಧನ, ರಿಮ್ಯಾಪಿಗೂ ಇದಕ್ಕೂ ಸಂಬಂಧವಿಲ್ಲ) ಅಳೆಯುವುದು ಒಟ್ಟು ಒತ್ತಡವನ್ನು. ಗಾಡಿಯ ಕಂಪ್ಯೂಟರಿನ ಅಂಕಿ ಓದುವ ಒಬಿಡಿ ರೀಡರ್ ಹಾಕಿ, ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ನೋಡಿ: ಕಾರವಾರದ ಕಡಲ ದಂಡೆಯಲ್ಲಿ 101 ಕಿಲೋಪಾಸ್ಕಲ್ ಆಸುಪಾಸು ತೋರಿಸುವ ಗಾಡಿ, ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ 94 ಆಸುಪಾಸು ತೋರಿಸುತ್ತದೆ. ಗಾಡಿ ಓಡುವಾಗ ಬರುವ ಅಂಕಿಯಿಂದ ಇದನ್ನು ಕಳೆದರೆ ಉಳಿಯುವುದು ಬೂಸ್ಟ್. ನೂರು ಕಿಲೋಪಾಸ್ಕಲ್ ಅಂದರೆ ಒಂದು ಬಾರ್. ಕಾರವಾರದಲ್ಲಿ 230 ಕಂಡರೆ ಬೂಸ್ಟ್ 2.3 ಬಾರ್ ಅಲ್ಲ, 1.3 ಬಾರ್. ಅದೇ 230 ಅನ್ನು ಶಿರಸಿಯಲ್ಲಿ ಮುಟ್ಟಬೇಕಾದರೆ ಟರ್ಬೊ ಇನ್ನೂ ಜೋರಾಗಿ ತಿರುಗಬೇಕು. ಘಟ್ಟ ಹತ್ತಿದಂತೆ ಅದರ ದುಡಿಮೆ ಹೆಚ್ಚುತ್ತದೆ.

ಇನ್ನು ಲೀಕ್. ಟರ್ಬೊದಿಂದ, ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಅಲ್ಲಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಜಿನ್ನಿನ ಮ್ಯಾನಿಫೋಲ್ಡ್, ಈ ದಾರಿಯಲ್ಲಿ ಒತ್ತಡದ ಗಾಳಿ ಎಲ್ಲಿ ಸೋರಿದರೂ ಅದು ಬೂಸ್ಟ್ ಲೀಕ್. ಏರ್ ಫಿಲ್ಟರಿನಿಂದ ಟರ್ಬೊವರೆಗಿನ ಪೈಪ್ ಸೀಳಿದರೆ ಗಾಳಿ ಹೊರಗೆ ಹೋಗುವುದಿಲ್ಲ, ಸೋಸದ ಗಾಳಿ ಒಳಗೆ ಬರುತ್ತದೆ. ಅದಕ್ಕೆ ಈ ಹೆಸರು ಸಲ್ಲದು. ಟರ್ಬೊಗಿಂತ ಮೊದಲೇ ಹೊಗೆಯ ಮ್ಯಾನಿಫೋಲ್ಡ್ ಬಿರುಕು ಬಿಟ್ಟರೂ ಪಿಕಪ್ ಹೋಗುತ್ತದೆ, ಆದರೆ ಅದೂ ಬೇರೆ ಕಾಯಿಲೆ. ಅಲ್ಲಿ ಬಿರುಕಿನ ಸುತ್ತ ಕಪ್ಪು ಮಸಿ ಅಂಟಿರುತ್ತದೆ.

ನಮ್ಮ ಕಡೆಯವರಿಗೆ ಇದನ್ನು ಅಡಿಕೆ ತೋಟದಲ್ಲಿ ನಿಂತು ಹೇಳಿದರೆ ಬೇಗ ತಿಳಿಯುತ್ತದೆ. ಸ್ಪ್ರಿಂಕ್ಲರ್ ಸರಿಯಾಗಿ ತಿರುಗದಿದ್ದರೆ ಯಾರೂ ಓಡಿಹೋಗಿ ಪಂಪ್‌ಸೆಟ್ ಬದಲಿಸುವುದಿಲ್ಲ. ಪೈಪಿನ ಗುಂಟ ನಡೆದು ಎಲ್ಲಿ ನೀರು ಚಿಮ್ಮುತ್ತಿದೆ ಎಂದು ನೋಡುತ್ತೇವೆ. ಕಾರಿನ ಮುಂದೆ ನಿಂತಾಗ ಮಾತ್ರ ಈ ಬುದ್ಧಿ ಯಾಕೆ ಬಿಟ್ಟುಬಿಡಬೇಕು?

ರಿಮ್ಯಾಪ್ ಆದ ಗಾಡಿಯಲ್ಲಿ ಈ ತೊಂದರೆ ಹೆಚ್ಚು ಕಾಣಿಸುವುದಕ್ಕೆ ಕಾರಣವಿದೆ. ಕಂಪ್ಯೂಟರಿನ ಅಂಕಿ ಬದಲಿಸಿ ಬೂಸ್ಟ್ ಏರಿಸುತ್ತಾರೆ, ಆದರೆ ಹೋಸು, ಕ್ಲಾಂಪು, ಇಂಟರ್‌ಕೂಲರಿನ ಪ್ಲಾಸ್ಟಿಕ್ ತುದಿ ಎಲ್ಲ ಹಳೆಯವೇ. ಹತ್ತು ವರ್ಷದ ರಬ್ಬರಿನ ಮೇಲೆ ಹೊಸ ಒತ್ತಡ ಬೀಳುತ್ತದೆ. ಮೇಲಿಂದ, ಗಾಳಿ ಸೋರಿ ಗುರಿ ಮುಟ್ಟದಿದ್ದಾಗ ಕಂಪ್ಯೂಟರ್ ಟರ್ಬೊವನ್ನು ಇನ್ನಷ್ಟು ತಿರುಗಿಸಲು ನೋಡುತ್ತದೆ. ಮಿತಿ ಮೀರಿ ತಿರುಗಿದ ಟರ್ಬೊ ಕಾದು ಒಂದು ದಿನ ನಿಜವಾಗಿಯೂ ಹೋಗುತ್ತದೆ. ಸಣ್ಣ ಸೋರಿಕೆ ಎಂದು ಸುಮ್ಮನಿರಬಾರದು ಎನ್ನುವುದು ಇದಕ್ಕೇ.

ನನ್ನದು 1.3 ಲೀಟರಿನ ಡೀಸೆಲ್ ಗಾಡಿ. ಕುಮಟೆಯಿಂದ ಮನೆಯವರನ್ನೆಲ್ಲ ಕೂರಿಸಿಕೊಂಡು ದೇವಿಮನೆ ಘಟ್ಟ ಹತ್ತುತ್ತಿದ್ದೆ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸುಂಯ್ ಎಂಬ ಸದ್ದು, ಕನ್ನಡಿಯಲ್ಲಿ ಕಪ್ಪು ಹೊಗೆ, ಎಳೆತ ಇಲ್ಲ. ಗಾಳಿ ಕಡಿಮೆಯಾಗಿ ಡೀಸೆಲ್ ಪೂರ್ತಿ ಉರಿಯದಿದ್ದರೆ ಬರುವ ಹೊಗೆ ಅದು. ಕಂಪನಿಯ ಸೆಟ್ಟಿಂಗಿನಲ್ಲಿ ಗಾಳಿಗೆ ತಕ್ಕಂತೆ ಡೀಸೆಲ್ ಕಡಿಮೆ ಮಾಡುವ ಕಟ್ಟುಪಾಡು ಇರುತ್ತದೆ. ಅನೇಕ ರಿಮ್ಯಾಪ್‌ಗಳಲ್ಲಿ ಅದನ್ನು ಸಡಿಲ ಬಿಟ್ಟಿರುತ್ತಾರೆ. ಸ್ಕ್ಯಾನರಿನಲ್ಲಿ ಪಿ0299 ಎಂಬ ಕೋಡ್ ಬಂತು. ಬೂಸ್ಟ್ ಇರಬೇಕಾದಷ್ಟು ಇಲ್ಲ ಎಂದಷ್ಟೇ ಅದರ ಅರ್ಥ. ಯಾಕೆ ಇಲ್ಲ ಎನ್ನುವುದನ್ನು ಕೋಡ್ ಹೇಳುವುದಿಲ್ಲ. ನಾನು ಹೋದ ಗ್ಯಾರೇಜಿನಲ್ಲಿ ಅದನ್ನೇ ಟರ್ಬೊ ಸತ್ತದ್ದಕ್ಕೆ ಸಾಕ್ಷಿ ಎಂದು ಓದಿದರು.

ಬಿಚ್ಚಿಸುವ ಮೊದಲು ಒಂದು ಪರೀಕ್ಷೆ ಆಗಲಿ ಎಂದು ಹಠ ಹಿಡಿದೆ. ಪರೀಕ್ಷೆಯ ಸಾಮಾನು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಪೈಪಿನ ಅಳತೆಯ ಪಿವಿಸಿ ಎಂಡ್ ಕ್ಯಾಪಿಗೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸುವುದು. ಇಂಜಿನ್ ಆಫ್ ಇರುವಾಗ ಟರ್ಬೊದ ಬಾಯಿಗೆ ಬರುವ ಪೈಪ್ ಬಿಚ್ಚಿ, ಅಲ್ಲಿ ಈ ಕ್ಯಾಪ್ ಸೇರಿಸಿ ಕ್ಲಾಂಪ್ ಬಿಗಿಯುವುದು. ಇಂಜಿನ್ನಿನ ಒಳಗಿನ ಎಣ್ಣೆಯ ಆವಿಯನ್ನು ಹೊರಬಿಡುವ ಬ್ರೀದರ್ ಪೈಪ್ ಆ ಕಡೆಗೆ ಸೇರುತ್ತಿದ್ದರೆ ಅದನ್ನು ಮುಚ್ಚಲೇಬೇಕು. ಕಂಪ್ರೆಸರಿನಿಂದ 5 ಪಿಎಸ್‌ಐ ಬಿಟ್ಟು, ನಿಧಾನ ಏರಿಸಿ, 15ರ ಒಳಗೇ ನಿಲ್ಲಿಸಬೇಕು. ಕ್ಯಾಪ್ ಕಿತ್ತು ಹಾರಬಹುದು, ಅದರ ಎದುರು ಯಾರೂ ನಿಲ್ಲಬಾರದು. ಇಂಜಿನ್ನಿನ ಒಳಗಿಂದ ಸ್ವಲ್ಪ ಗಾಳಿಯ ಸದ್ದು ಬಂದರೆ ಹೆದರಬೇಕಿಲ್ಲ, ತೆರೆದ ವಾಲ್ವುಗಳ ಮೂಲಕ ಒಂದಿಷ್ಟು ಹೋಗಿಯೇ ಹೋಗುತ್ತದೆ. ಆಮೇಲೆ ಪಂಕ್ಚರ್ ನೋಡುವವರ ಹಾಗೆ ಪ್ರತಿ ಜೋಡಣೆಗೂ ಸೋಪಿನ ನೀರು.

ಇಂಟರ್‌ಕೂಲರಿಗೆ ಇಳಿಯುವ ಹೋಸು ಮೇಲಿಂದ ನೋಡಲು ಹೊಸದರಂತಿತ್ತು. ಕೆಳಭಾಗದಲ್ಲಿ, ಬಾಗುವ ಕಡೆ, ಎಣ್ಣೆ ಜಿನುಗಿ ಅದರ ಮೇಲೆ ಕೆಂಪು ಧೂಳು ಕೂತು ಪದರ ಕಟ್ಟಿತ್ತು. ಒರೆಸಿದರೆ ಉಗುರಿನಷ್ಟುದ್ದದ ಸೀಳು. ಬೆರಳಿನಲ್ಲಿ ಬಗ್ಗಿಸಿದರಷ್ಟೇ ಬಾಯಿ ಬಿಡುತ್ತಿತ್ತು, ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಗಾಳಿ 10 ಪಿಎಸ್‌ಐಗೆ ಬಂದಾಗ ಅಲ್ಲಿ ಸೋಪಿನ ನೊರೆ ಉಕ್ಕಿತು. ನಿಂತಲ್ಲೇ ಐಡ್ಲಿಂಗ್‌ನಲ್ಲಿ ಇದು ಯಾರಿಗೂ ಸಿಗದಿದ್ದದ್ದು ಅದಕ್ಕೇ. ಆಗ ಬೂಸ್ಟೇ ಇಲ್ಲದ ಮೇಲೆ ಸೀಳು ತೆರೆಯುವುದಾದರೂ ಹೇಗೆ?

ಎಣ್ಣೆ ಕಂಡ ಕೂಡಲೇ ಟರ್ಬೊ ಸೀಲ್ ಹೋಗಿದೆ ಎನ್ನುವವರಿದ್ದಾರೆ. ಬ್ರೀದರಿನಿಂದ ಬರುವ ಎಣ್ಣೆಯ ತೆಳು ಪಸೆ ಡೀಸೆಲ್ ಗಾಡಿಯ ಹೋಸಿನಲ್ಲಿ ಇರುವುದೇ. ಟರ್ಬೊ ನಿಜವಾಗಿ ಕೆಟ್ಟರೆ ಲಕ್ಷಣ ಬೇರೆ: ನೀಲಿ ಹೊಗೆ, ಎಣ್ಣೆ ಬೇಗ ಬೇಗ ಇಳಿಯುವುದು, ಸೈರನ್ನಿನಂಥ ಕೂಗು, ಚಕ್ರದ ಅಲಗು ಗೋಡೆಗೆ ಉಜ್ಜಿದ ಗುರುತು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಅಕ್ಕಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಯಾಕೆಂದರೆ ಅದು ಎಣ್ಣೆಯ ಪದರದ ಮೇಲೆ ತೇಲಿ ತಿರುಗುವಂಥದ್ದು. ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾದರೆ ಮಾತ್ರ ಚಿಂತೆ.

ಸೀಳಿಗೆ ಟೇಪ್ ಸುತ್ತುವುದು, ಅಂಟು ಹಾಕುವುದು ದಾರಿಯಲ್ಲಿ ಮನೆ ಮುಟ್ಟುವ ಮಟ್ಟಿಗೆ ಸರಿ. ನಾನು ಹೋಸನ್ನೇ ಬದಲಿಸಿದೆ. ಹೊಸದು ಹಾಕುವ ಮೊದಲು ಲೋಹದ ತುದಿಯ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ಬೂಸ್ಟ್ ಏರಿದಾಗ ಹೋಸು ಜಾರಿ ಬರುತ್ತದೆ. ಕ್ಲಾಂಪ್ ಕೂರಬೇಕಾದದ್ದು ತುದಿಯ ಉಬ್ಬಿನ ಹಿಂದೆ, ಉಬ್ಬಿನ ಮೇಲಲ್ಲ. ಮರುದಿನ ಅದೇ ಘಟ್ಟ, ಅದೇ ಮೂರನೇ ಗೇರು. ಮ್ಯಾಪ್ ಅಂಕಿ ಗುರಿಗೆ ಬಂದು ಅಲ್ಲೇ ನಿಂತಿತು, ಕನ್ನಡಿಯಲ್ಲಿ ಹಿಂದಿನ ರಸ್ತೆ ಸ್ಪಷ್ಟವಾಗಿ ಕಾಣುತ್ತಿತ್ತು.