ಕುದುರೆ ಕೊಟ್ಟು ಅರ್ಧ ಅಂಕ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದ ಭಾನುವಾರ. ಚೆಸ್ ಟೂರ್ನಿಯ ಹಾಲ್‌ನಲ್ಲಿ ಆಟ ಮುಗಿಯದೆ ಉಳಿದದ್ದು ಒಂದೇ ಬೋರ್ಡು. ಅದರ ಸುತ್ತ ಕೈಕಟ್ಟಿ ನಿಂತ ನಾವು ಹತ್ತು ಮಂದಿ. ಇಬ್ಬರೂ ಗಟ್ಟಿ ಆಟಗಾರರೇ. ಬಿಳಿಯವನ ಹತ್ತಿರ ರಾಜ, ಬಿಳಿ ಮನೆಗಳಲ್ಲಿ ಓಡಾಡುವ ಒಂಟೆ, ಬಲತುದಿಯಲ್ಲಿ ಅಕ್ಕಪಕ್ಕ ಎರಡು ಕಾಲಾಳು. ಕಪ್ಪಿನವನಿಗೆ ರಾಜ ಮತ್ತು ಒಂದು ಕುದುರೆ. ಇದ್ದೊಂದು ಕುದುರೆಯನ್ನೂ ಕೊಟ್ಟು ಆತ ಒಳಗಿನ ಕಾಲಾಳನ್ನು ಹೊಡೆದ.

‘ತಲಿ ಕೆಟ್ಟೈತೇನ್ ಇವಂಗ?’ ಪಕ್ಕದಲ್ಲಿದ್ದ ಅಜ್ಜಾರು ಪಿಸುಗುಟ್ಟಿದರು.

ತಲೆ ಚೆನ್ನಾಗಿಯೇ ಇತ್ತು. ಉಳಿದ ಅಂಚಿನ ಕಾಲಾಳು ಮಂತ್ರಿಯಾಗಬೇಕಾದ ಮೂಲೆಮನೆ ಕಪ್ಪು ಬಣ್ಣದ್ದು. ಬಿಳಿ ಮನೆಯ ಒಂಟೆ ಜನ್ಮದಲ್ಲಿ ಅದನ್ನು ಮುಟ್ಟಲಾರದು. ಕಪ್ಪು ರಾಜ ಓಡಿ ಆ ಮೂಲೆ ಹಿಡಿದು ಕೂತ. ಬಿಳಿ ರಾಜ ದೂರ ನಿಂತರೆ ಕಪ್ಪು ರಾಜ ಮೂಲೆಯಿಂದ ಪಕ್ಕದ ಮನೆಗೆ, ಅಲ್ಲಿಂದ ಮೂಲೆಗೆ ಅಡ್ಡಾಡುತ್ತಾನೆ. ಹತ್ತಿರ ಬಂದು ದಾರಿ ಕಟ್ಟಿದರೆ ಅವನಿಗೆ ನಡೆಯೇ ಇರುವುದಿಲ್ಲ. ಚೆಕ್ ಇಲ್ಲದೆ ನಡೆ ತೀರಿದರೆ ಆಟ ಡ್ರಾ. ಒಂದು ಒಂಟೆ, ಒಂದು ಕಾಲಾಳು ಹೆಚ್ಚಿದ್ದೂ ಬಿಳಿಯವನು ಹತ್ತು ನಡೆ ತಡಕಾಡಿ ಕೈ ಚಾಚಿದ. ತಲಾ ಅರ್ಧ ಅಂಕ.

ಇದು ಬರೀ ಅನುಭವದ ಮಾತಾಗಿ ಉಳಿದಿಲ್ಲ. ರಾಜರೂ ಸೇರಿ ಏಳು ಕಾಯಿಗಳವರೆಗಿನ ಅಂತ್ಯದಾಟಗಳನ್ನೆಲ್ಲ ಕಂಪ್ಯೂಟರುಗಳು ಲೆಕ್ಕ ಹಾಕಿಟ್ಟಿವೆ. ಲೆಕ್ಕದ ದಾರಿ ಹಿಂದುಮುಂದು: ಚೆಕ್‌ಮೇಟ್ ಆದ ಸ್ಥಿತಿಯಿಂದ ಶುರುಮಾಡಿ ಒಂದೊಂದೇ ನಡೆ ಹಿಂದಕ್ಕೆ ಸರಿಯುವುದು. ಹಾಗೆ ಹಿಂದೆ ಸರಿದು ಯಾವ ಗೆಲುವಿನಿಂದಲೂ ತಲುಪಲಾಗದ ಸ್ಥಿತಿಗಳೇ ಡ್ರಾ. 2018ರಲ್ಲಿ ಪೂರ್ಣಗೊಂಡ ಸಿಜಿಜಿ (Syzygy) ಎಂಬ ಇಂಥ ಲೆಕ್ಕದ ಕೋಷ್ಟಕದಲ್ಲಿರುವ ಸ್ಥಿತಿಗಳು ಸುಮಾರು 423 ಲಕ್ಷ ಕೋಟಿ. ಆದರೆ ಬೋರ್ಡಿನ ಮೇಲೆ ಮೂವತ್ತೆರಡೂ ಕಾಯಿ ಇರುವಾಗ? ಎರಡೂ ಕಡೆ ತಪ್ಪೇ ಆಗದಿದ್ದರೆ ಚೆಸ್ ಡ್ರಾ ಎಂದೇ ಬಹುತೇಕರ ನಂಬಿಕೆ; ಸಾಧಿಸಿ ತೋರಿಸಿದವರಿಲ್ಲ. ಅದೇ 2018ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಾರ್ಲ್‌ಸನ್–ಕರುವಾನ ಆಡಿದ ಹನ್ನೆರಡೂ ಕ್ಲಾಸಿಕಲ್ (ದೀರ್ಘ ಸಮಯದ) ಆಟ ಡ್ರಾ ಆದವು. ಬೇಸರದ ಪಂದ್ಯ ಅಂದವರಿದ್ದಾರೆ. ನನಗೇನೂ ಹಾಗನ್ನಿಸಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಅಜ್ಜಾರು ಬೋರ್ಡು ಹರವಿ ನಾಲ್ಕೇ ಕಾಯಿ ಇಟ್ಟುಕೊಂಡಿದ್ದರು. ಬಲತುದಿಯ ಕಾಲಾಳನ್ನು ಎತ್ತಿ ಎಡತುದಿಗೆ ಇಟ್ಟರು. ಆ ಕಡೆಯ ಮೂಲೆ ಬಿಳಿ.

‘ಇಲ್ಲಿದ್ದಿದ್ರ?’

‘ಗೆಲ್ತಿದ್ದ ನೋಡ್ರಿ.’