ಅಡ್ಡ ಪರಿಣಾಮ

ಮೈ ತುರಿಸಿದರೂ ಅಡ್ಡ ಪರಿಣಾಮ, ಬಿ.ಪಿ. ಇಳಿಯದಿದ್ದರೂ ಅಡ್ಡ ಪರಿಣಾಮ, ರಾತ್ರಿ ನಿದ್ದೆ ಬಾರದಿದ್ದರೆ ಅದೂ ಅಡ್ಡ ಪರಿಣಾಮ. ಮಂಗಳೂರಿನ ಔಷಧ ಅಂಗಡಿಗಳ ಮುಂದೆ ಈ ಪದ ತೀರಾ ಸವೆದುಹೋಗಿದೆ.

ಇಲ್ಲಿನ ‘ಅಡ್ಡ’ ಅಡ್ಡದಾರಿಯದ್ದಲ್ಲ, ಅಡ್ಡಹೆಸರಿನದ್ದು. ಗುಳಿಗೆಗೆ ಹೃದಯದ ವಿಳಾಸ ಗೊತ್ತಿಲ್ಲ. ರಕ್ತ ಹರಿದಲ್ಲೆಲ್ಲ ಹೋಗಿ ತನ್ನ ಕೆಲಸ ಮಾಡುತ್ತದೆ. ನಾಲಿಗೆಯಡಿ ಇಟ್ಟ ಸಾರ್ಬಿಟ್ರೇಟ್ ರಕ್ತನಾಳ ಹಿಗ್ಗಿಸಿ ಎದೆನೋವು ಇಳಿಸುತ್ತದೆ. ತಲೆಯ ನಾಳಗಳೂ ಹಿಗ್ಗುವುದರಿಂದ ತಲೆ ಸಿಡಿಯುತ್ತದೆ. ಗುಳಿಗೆ ಕೆಟ್ಟದ್ದಾದ್ದರಿಂದ ಅಲ್ಲ, ಕೆಲಸ ಮಾಡಿದ್ದರಿಂದಲೇ.

ಹೆಚ್ಚು ತಪ್ಪಾಗುವುದು ಬಿ.ಪಿ. ಗುಳಿಗೆಗಳಾದ ರಾಮಿಪ್ರಿಲ್, ಎನಲಾಪ್ರಿಲ್ ವಿಷಯದಲ್ಲಿ. ಇವು ತಡೆಯುವ ಎಸಿಇ ಎಂಬ ಕಿಣ್ವಕ್ಕೆ ಇನ್ನೊಂದು ಕೆಲಸವೂ ಉಂಟು: ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವುದು. ಒಡೆಯದೆ ಉಳಿದದ್ದು ಶ್ವಾಸನಾಳವನ್ನು ಕೆರಳಿಸಿ ಒಣಕೆಮ್ಮು ತರುತ್ತದೆ. ಕಫವಿಲ್ಲ, ಗಂಟಲಲ್ಲಿ ಕಿರಿಕಿರಿ, ಮಲಗಿದರೆ ಹೆಚ್ಚು. ಗುಳಿಗೆ ಶುರುಮಾಡಿ ತಿಂಗಳುಗಳಾದ ಮೇಲೂ ಈ ಕೆಮ್ಮು ಬರಬಹುದು. ಅದು ಜೂನ್‌ನಲ್ಲಿ ಬಂತೋ, ಮಳೆಯ ಮೇಲೆ ಹಾಕಿ ಕಾಳುಮೆಣಸಿನ ಕಷಾಯ, ಬಾಟಲಿ ಮೇಲೆ ಬಾಟಲಿ ಸಿರಪ್ಪು. ಗುಳಿಗೆಯ ಹೆಸರನ್ನು ಯಾರೂ ಎತ್ತುವುದಿಲ್ಲ! ಎತ್ತಿದರೆ ವೈದ್ಯರು ಬಿ.ಪಿ.ಯದ್ದೇ ಬೇರೆ ಬಗೆಯ ಗುಳಿಗೆ, ಟೆಲ್ಮಿಸಾರ್ಟನ್‌ನಂಥದ್ದಕ್ಕೆ ಬದಲಿಸುತ್ತಾರೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೆಮ್ಮು ನಿಲ್ಲುತ್ತದೆ. ಇದು ಅಲರ್ಜಿ ಅಲ್ಲ. ಆದರೆ ಇದೇ ಗುಳಿಗೆಯಿಂದ ಅಪರೂಪಕ್ಕೆ ತುಟಿ, ನಾಲಿಗೆ ಊದುವುದುಂಟು. ಆಗ ಕಾಯಬಾರದು, ನೇರ ಕ್ಯಾಶುವಲ್ಟಿಗೆ.

ಬಿ.ಪಿ.ಯ ಮತ್ತೊಂದು ಗುಳಿಗೆ ಅಮ್ಲೋಡಿಪಿನ್‌ಗೆ ಕೆಲವರಿಗೆ ಸಂಜೆ ಹೊತ್ತು ಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತದೆ. "ಕಿಡ್ನಿ ಹೋಯಿತು" ಎಂದು ತೀರ್ಪು ಕೊಡುವ ಕೆಲಸ ನೆರೆಮನೆಯವರದ್ದಲ್ಲ, ವೈದ್ಯರದ್ದು. ಹೃದಯದ ಬಡಿತ ತಗ್ಗಿಸುವ ಮೆಟೊಪ್ರೊಲಾಲ್‌ನಿಂದ ಸುಸ್ತಾಗಬಹುದು, ನಾಡಿ ನಿಧಾನವಾಗಬಹುದು. ಹಾಗೆಂದು ಅದನ್ನು ತಟ್ಟನೆ ಬಿಟ್ಟರೆ ಎದೆನೋವು ಮರುಕಳಿಸೀತು.

ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್‌ನ ಮೈಕೈ ನೋವಿನದು ಬೇರೆಯೇ ಕಥೆ. ನಿಜವಾಗಿ ಸ್ನಾಯು ನೋಯುವವರಿದ್ದಾರೆ, ನಿರ್ಲಕ್ಷಿಸುವಂತಿಲ್ಲ. ಆದರೆ 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಎಂಬ ಬ್ರಿಟಿಷ್ ಅಧ್ಯಯನದಲ್ಲಿ, ತೊಂದರೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಒಂದು ತಿಂಗಳು ಅದನ್ನೇ, ಇನ್ನೊಂದು ತಿಂಗಳು ಔಷಧವೇ ಇಲ್ಲದ ಹುಸಿ ಗುಳಿಗೆ, ಮತ್ತೊಂದು ತಿಂಗಳು ಏನೂ ಇಲ್ಲದೆ, ಹೀಗೆ ಅದಲುಬದಲಾಗಿ ಕೊಟ್ಟು ನೋಡಿದರು. ಸ್ಟ್ಯಾಟಿನ್ ತಿಂದಾಗಿನ ತೊಂದರೆಯಲ್ಲಿ ಶೇ. 90ರಷ್ಟು ಹುಸಿ ಗುಳಿಗೆಯಲ್ಲೂ ಕಂಡಿತು.

ಇನ್ನು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮತ್ತು ಬಸಳೆ. ಇದು ಅಡ್ಡ ಪರಿಣಾಮವೇ ಅಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಗುಳಿಗೆಗೆ ಎದುರಾಗಿ ಕೆಲಸ ಮಾಡುವುದು. ಅದಕ್ಕೆಂದು ಉಡುಪಿಯವರು ಬಸಳೆ ಬಿಡಬೇಕಾಗಿಲ್ಲ. ಒಂದು ವಾರ ಬುಟ್ಟಿಗಟ್ಟಲೆ, ಮುಂದಿನ ವಾರ ಸೊನ್ನೆ ಎಂದಾಗದೆ ಒಂದೇ ಅಳತೆಯಲ್ಲಿ ತಿಂದರೆ, ರಕ್ತಪರೀಕ್ಷೆ ನೋಡಿ ವೈದ್ಯರು ಡೋಸ್ ಹೊಂದಿಸುತ್ತಾರೆ.